ಮಹರ್, ಮಣ್ಣು, ಮೊಹರು

1628ರ ಜುಲೈ. ಇರಾನಿನ ಕಜ್ವೀನ್ ನಗರದಲ್ಲಿ ರಾಬರ್ಟ್ ಶರ್ಲಿ ಎಂಬ ಇಂಗ್ಲಿಷ್ ಸಾಹಸಿ ಕಣ್ಣು ಮುಚ್ಚಿದ. ಷಾ ಅಬ್ಬಾಸನ ರಾಯಭಾರಿಯಾಗಿ ಯುರೋಪಿನ ಅರಮನೆಗಳನ್ನೆಲ್ಲ ಸುತ್ತಿ ಬಂದಿದ್ದ ಆತನಿಗೆ ಕೊನೆಗಾಲದಲ್ಲಿ ಷಾನ ಕೃಪೆ ತಪ್ಪಿತ್ತು. ಹಾಸಿಗೆಯ ಪಕ್ಕದಲ್ಲಿದ್ದವಳು ಹೆಂಡತಿ ತೆರೇಸಾ. ಚೆರ್ಕೆಸ್ ಮೂಲದ ಹೆಣ್ಣು; ಇರಾನಿನ ಆಸ್ಥಾನದ ನೆರಳಲ್ಲಿ ಬೆಳೆದು, ಕ್ರೈಸ್ತಳಾಗಿ, ಗಂಡನ ಜೊತೆ ರೋಮ್, ಮ್ಯಾಡ್ರಿಡ್, ಲಂಡನ್ ಕಂಡವಳು. ಗಂಡ ಸತ್ತ ಬೆನ್ನಿಗೇ ಸಾಲದ ಮಾತು ಎದ್ದಿತು. ಶರ್ಲಿ ಒಬ್ಬ ಫ್ಲೆಮಿಶ್ ವರ್ತಕನಿಗೆ ಹಣ ಕೊಡಬೇಕಿತ್ತು ಎಂದು ಆಸ್ಥಾನದಲ್ಲಿದ್ದ ಡಚ್ ಚಿತ್ರಕಾರನೊಬ್ಬ ಹೇಳತೊಡಗಿದ. ಷಾಗೆ ಹತ್ತಿರದವನಾಗಿದ್ದ ಮುಹಮ್ಮದ್ ಅಲಿ ಬೇಗ್ ಅವನ ಬೆನ್ನಿಗೆ ನಿಂತ. ಜಪ್ತಿಯ ಹುಕುಂ ಹೊರಟಿತು.

ಸುದ್ದಿ ಮುಂಚೆಯೇ ತೆರೇಸಾಳ ಕಿವಿಗೆ ಬಿತ್ತು. ಅವಳು ರೇಷ್ಮೆಯ ರಜಾಯಿಯೊಂದನ್ನು ಹರಿದು, ಒಳಗೆ ಬಚ್ಚಿಟ್ಟಿದ್ದ ಒಡವೆಯ ಪೆಟ್ಟಿಗೆಯನ್ನು ತೆಗೆದು, ನಂಬಿಕಸ್ಥ ಇಂಗ್ಲಿಷ್ ಗೆಳೆಯನೊಬ್ಬನ ಕೈಗಿತ್ತಳು. ಆಮೇಲೆ ಬಂದ ಆಳುಗಳಿಗೆ ಒಂಟೆ, ಕುದುರೆ, ಬಟ್ಟೆಬರೆ ಸಿಕ್ಕವು. ಅವರು ಹುಡುಕಿ ಬಂದಿದ್ದ ಒಡವೆ ಸಿಗಲಿಲ್ಲ. ಶರ್ಲಿಯ ಜೊತೆ ಇರಾನಿಗೆ ಬಂದಿದ್ದ ಇಂಗ್ಲಿಷ್ ರಾಯಭಾರದ ತಂಡದಲ್ಲಿದ್ದ ಥಾಮಸ್ ಹರ್ಬರ್ಟ್ ಈ ಪ್ರಸಂಗವನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಮರುವರ್ಷ ತೆರೇಸಾ ಇರಾನನ್ನೇ ಬಿಟ್ಟು, ಕಾನ್‌ಸ್ಟಾಂಟಿನೋಪಲ್ ದಾರಿಯಾಗಿ ರೋಮ್ ಸೇರಿದಳು. 1668ರಲ್ಲಿ ಅಲ್ಲಿಯೇ ತೀರಿಕೊಂಡಳು.

ಈ ಕಥೆಯಲ್ಲೊಂದು ವಿಚಿತ್ರವಿದೆ. ಅಂದಿನ ಇರಾನಿನ ನ್ಯಾಯಶಾಸ್ತ್ರದ ಪ್ರಕಾರ ಹೆಂಡತಿಯ ಆಸ್ತಿ ಹೆಂಡತಿಯದೇ. ಗಂಡನ ಸಾಲಕ್ಕೆ ಅದು ಹೊಣೆಯಲ್ಲ, ಅದನ್ನು ಮಾರುವ ಅಧಿಕಾರವೂ ಗಂಡನಿಗಿಲ್ಲ. ಅದೇ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಚರಾಸ್ತಿ ಗಂಡನ ಪಾಲಾಗುತ್ತಿತ್ತು. ಅಲ್ಲಿ ಹೆಂಡತಿಗೆ ಪೂರ್ತಿ ಪ್ರತ್ಯೇಕ ಆಸ್ತಿಯ ಹಕ್ಕು ಬಂದದ್ದು 1882ರ ಕಾಯ್ದೆಯಿಂದ. ಲಂಡನ್ನಿನ ಕಾನೂನು ಕೊಡದ ಹಕ್ಕು ಕಜ್ವೀನಿನ ಕಾನೂನಿನಲ್ಲಿತ್ತು. ಆದರೂ ತೆರೇಸಾಳನ್ನು ಕಾಪಾಡಿದ್ದು ಖಾಜಿಯ ಗ್ರಂಥವಲ್ಲ, ಹರಿದ ರಜಾಯಿ. ಸಫಾವಿ ಅರಸರ ಕಾಲದ ಇರಾನಿನ ಹೆಣ್ಣುಮಕ್ಕಳ ಆಸ್ತಿಯ ಇತಿಹಾಸವೆಲ್ಲ ಈ ಇಕ್ಕಟ್ಟಿನಲ್ಲೇ ನಡೆದದ್ದು: ಬರಹದಲ್ಲಿ ಗಟ್ಟಿಯಾದ ಹಕ್ಕು, ಬಲವುಳ್ಳವನ ಎದುರು ಸಡಿಲವಾಗುವ ಹಿಡಿತ, ನಡುವೆ ಒಡತಿಯರು ಹೂಡುತ್ತಿದ್ದ ಉಪಾಯಗಳು.

1501ರಲ್ಲಿ ಸಫಾವಿ ಮನೆತನದ ಹದಿಹರೆಯದ ಇಸ್ಮಾಯಿಲ್ ತಬ್ರೀಜ್‌ನಲ್ಲಿ ಪಟ್ಟವೇರಿ, ಹನ್ನೆರಡು ಇಮಾಮರ ಶಿಯಾ ಪಂಥವೇ ರಾಜ್ಯದ ಧರ್ಮ ಎಂದು ಸಾರಿದ. ಅಲ್ಲಿಯವರೆಗೆ ಇರಾನಿನ ಬಹುಪಾಲು ಜನ ಸುನ್ನಿಗಳು. ಹೊಸ ಪಂಥಕ್ಕೆ ಬೇಕಾದ ನ್ಯಾಯಪಂಡಿತರು ನಾಡಿನಲ್ಲಿ ಸಾಕಷ್ಟಿರಲಿಲ್ಲ. ಲೆಬನಾನಿನ ಜಬಲ್ ಆಮಿಲ್ ಸೀಮೆಯಿಂದ ವಿದ್ವಾಂಸರು ಬಂದರು. ಅವರಲ್ಲಿ ಮುಖ್ಯನಾದ ಅಲಿ ಅಲ್‌-ಕರಕಿಗೆ 1533ರಲ್ಲಿ ಇಸ್ಮಾಯಿಲನ ಮಗ ಷಾ ತಹ್ಮಾಸ್ಪ್ ಧಾರ್ಮಿಕ ವ್ಯವಹಾರಗಳ ಮೇಲೆ ವಿಶಾಲವಾದ ಅಧಿಕಾರ ಬರೆದುಕೊಟ್ಟ. ಮಸೀದಿಯ ಬಾಂಗಿನಲ್ಲಾದ ಬದಲಾವಣೆ ಎಲ್ಲರ ಕಿವಿಗೂ ಬಿದ್ದಿತು. ಸಾವಿನ ಮನೆಯ ಲೆಕ್ಕದಲ್ಲಾದ ಬದಲಾವಣೆ ಅಷ್ಟು ಸದ್ದು ಮಾಡಲಿಲ್ಲ. ಅದು ತಟ್ಟಿದ್ದು ಮಾತ್ರ ಹೆಣ್ಣುಮಕ್ಕಳಿಗೆ.

ಒಬ್ಬ ವ್ಯಾಪಾರಿ ಸತ್ತ, ಅವನಿಗೆ ಒಬ್ಬಳೇ ಮಗಳು, ಜೊತೆಗೊಬ್ಬ ತಮ್ಮ ಎನ್ನೋಣ. ಸುನ್ನಿ ಲೆಕ್ಕದಲ್ಲಿ ಮಗಳಿಗೆ ಅರ್ಧ ಪಾಲು. ಉಳಿದರ್ಧ ಗಂಡು ಸಂತತಿಯ ನೆಂಟನಾದ ತಮ್ಮನಿಗೆ. ಶಿಯಾ ಲೆಕ್ಕದಲ್ಲಿ ವಾರಸುದಾರರನ್ನು ಮೂರು ವರ್ಗ ಮಾಡುತ್ತಾರೆ. ತಂದೆತಾಯಿ ಮತ್ತು ಮಕ್ಕಳದು ಮೊದಲ ವರ್ಗ, ಅಜ್ಜ ಅಜ್ಜಿ ಮತ್ತು ಒಡಹುಟ್ಟಿದವರದು ಎರಡನೆಯದು, ಸೋದರತ್ತೆ ಸೋದರಮಾವ ಚಿಕ್ಕಪ್ಪ ಚಿಕ್ಕಮ್ಮಂದಿರದು ಮೂರನೆಯದು. ಮೊದಲ ವರ್ಗದಲ್ಲಿ ಒಬ್ಬರೇ ಒಬ್ಬರಿದ್ದರೂ ಕೆಳಗಿನವರಿಗೆ ಕಾಸಿಲ್ಲ. ಹಾಗಾಗಿ ಮಗಳಿಗೆ ಅರ್ಧ ಪಾಲು ನಿಗದಿಯಾಗಿ ಸಿಕ್ಕಿ, ಉಳಿದರ್ಧವೂ ತಿರುಗಿ ಅವಳ ಮಡಿಲಿಗೇ ಬೀಳುತ್ತದೆ. ಚಿಕ್ಕಪ್ಪ ಬರಿಗೈ. ಪ್ರವಾದಿಯ ಮಗಳು ಫಾತಿಮಾಳಿಗೆ ತಂದೆಯ ಫದಕ್ ತೋಟ ದಕ್ಕಲಿಲ್ಲ ಎಂಬ ಕೊರಗನ್ನು ತಲೆಮಾರುಗಳಿಂದ ಹೊತ್ತುಬಂದ ಪಂಥಕ್ಕೆ ಮಗಳ ವಾರಸು ಬರೀ ಗಣಿತವಾಗಿರಲಿಲ್ಲ.

ಅಣ್ಣತಮ್ಮಂದಿರು ಇದ್ದ ಮನೆಯಲ್ಲಿ ಲೆಕ್ಕ ಬೇರೆ. ಮಗನ ಪಾಲಿನ ಅರ್ಧ ಮಗಳಿಗೆ. ಇದರಲ್ಲಿ ಶಿಯಾ, ಸುನ್ನಿ ಎಂಬ ಭೇದವಿಲ್ಲ. ವಿಧವೆಗೆ ಮಕ್ಕಳಿದ್ದರೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು. ಇಲ್ಲಿ ಮಾತ್ರ ಶಿಯಾ ಶಾಸ್ತ್ರ ಒಂದು ಕೈಯಿಂದ ಮಗಳಿಗೆ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಹೆಂಡತಿಯಿಂದ ಹಿಡಿದಿಟ್ಟಿತು. ಸತ್ತ ಗಂಡನ ನೆಲದಲ್ಲಿ ವಿಧವೆಗೆ ಪಾಲಿಲ್ಲ. ಮನೆಯ ಕಟ್ಟಡಕ್ಕೂ ತೋಟದ ಮರಗಳಿಗೂ ಬೆಲೆ ಕಟ್ಟಿ ಅವಳ ಪಾಲಿನಷ್ಟು ಹಣ ಕೊಟ್ಟರೆ ಮುಗಿಯಿತು. ಮಕ್ಕಳಿಲ್ಲದ ವಿಧವೆಗೆ ಮಾತ್ರ ಈ ನಿರ್ಬಂಧವೋ ಎಲ್ಲರಿಗೂ ಹೌದೋ ಎಂದು ಪಂಡಿತರು ಶತಮಾನಗಳ ಕಾಲ ವಾದಿಸಿದರು. ಈ ನಿರ್ಬಂಧಕ್ಕೆ ಅವರು ಕೊಟ್ಟ ಕಾರಣ ಸರಳವಾಗಿತ್ತು: ವಿಧವೆ ಮರುಮದುವೆಯಾಗಿ ಪರಕೀಯನೊಬ್ಬನನ್ನು ಮನೆತನದ ಹೊಲಕ್ಕೆ ತಂದುಬಿಟ್ಟಾಳು. ಮಗಳು ರಕ್ತ, ಹೆಂಡತಿ ಹೊರಗಿನವಳು ಎಂಬ ಲೆಕ್ಕ.

ಮದುವೆಯ ಮಾತಿಗೆ ಬಂದರೆ, ಅದು ಮೊದಲಿಗೆ ಕರಾರು. ಷಾ ಅಬ್ಬಾಸನ ಆಜ್ಞೆಯಂತೆ ಶೇಖ್ ಬಹಾಯಿ ಸಾಮಾನ್ಯರಿಗೂ ತಿಳಿಯುವ ಪಾರ್ಸಿಯಲ್ಲಿ ‘ಜಾಮಿಅ್‌ ಅಬ್ಬಾಸಿ’ ಎಂಬ ನ್ಯಾಯಗ್ರಂಥಕ್ಕೆ ಕೈಹಾಕಿದ್ದ. ಇಪ್ಪತ್ತು ಅಧ್ಯಾಯಗಳ ಯೋಜನೆಯಲ್ಲಿ ಐದು ಮುಗಿಯುವಷ್ಟರಲ್ಲಿ, 1621ರಲ್ಲಿ, ಆತ ತೀರಿಕೊಂಡ. ಮದುವೆ, ವಿಚ್ಛೇದನ, ವಾರಸುಗಳ ಭಾಗವನ್ನು ಬರೆದು ಮುಗಿಸಿದವನು ಶಿಷ್ಯ ಸಾವಜಿ. ಅರಬ್ಬಿ ಬಾರದ ವರ್ತಕನೂ ತನ್ನ ಮಗಳ ಮದುವೆಯ ಷರತ್ತುಗಳನ್ನು ಓದಿಸಿ ಕೇಳಬಹುದಾದ ಪುಸ್ತಕ ಅದು.

ಕರಾರಿನ ನಡುಗಂಬ ಮಹರ್. ಗಂಡು ಹೆಣ್ಣಿಗೆ ಕೊಡಬೇಕಾದ ಈ ಮೊತ್ತ ಹಣವಾಗಬಹುದು, ಒಡವೆ, ತೋಟ, ಮನೆ ಅಥವಾ ನೀರಿನ ಪಾಲಾಗಬಹುದು. ಅದು ಹೆಣ್ಣಿನ ಅಪ್ಪನಿಗೆ ಸಲ್ಲುವುದಲ್ಲ, ಅವಳಿಗೇ ಸಲ್ಲುವುದು. ಸ್ವಲ್ಪ ಈಗ, ಮಿಕ್ಕದ್ದು ಮುಂದೆ ಎಂದು ಬರೆಸುವುದು ರೂಢಿ. ಆ ‘ಮುಂದೆ’ ಬರುವುದು ಹೆಚ್ಚಾಗಿ ವಿಚ್ಛೇದನದ ದಿನ ಅಥವಾ ಗಂಡನ ಸಾವಿನ ದಿನ. ಗಂಡ ಸತ್ತರೆ ಬಾಕಿ ಮಹರ್ ಅವನು ಮಾಡಿದ ಸಾಲವೆಂದೇ ಲೆಕ್ಕ. ವಾರಸುದಾರರು ಪಾಲು ಹಂಚಿಕೊಳ್ಳುವ ಮೊದಲು ಅದನ್ನು ತೀರಿಸಬೇಕು. ನೆಲದಲ್ಲಿ ಪಾಲಿಲ್ಲದ ವಿಧವೆಗೆ ಇದೇ ದೊಡ್ಡ ಆಸರೆ. ಹೀಗಾಗಿ ಬುದ್ಧಿವಂತ ಬೀಗರು ಮದುವೆಯ ದಿನವೇ ದೊಡ್ಡ ಮೊತ್ತ ಬರೆಸಲು ಹಟ ಹಿಡಿಯುತ್ತಿದ್ದರು. ಇದರ ಹೊರತಾಗಿ ಹೆಣ್ಣಿನ ತಾಯಿಗೆ ಸಲ್ಲುವ ಹಾಲಿನ ಹಣ, ತವರಿನಿಂದ ಹೆಣ್ಣು ತರುವ ಪಾತ್ರೆಪಡಗ, ಹಾಸಿಗೆ, ಜಮಖಾನೆಗಳು. ತವರಿನ ಸಾಮಾನಿನ ಪಟ್ಟಿ ಬರೆದಿಡುತ್ತಿದ್ದರು. ನಾಳೆ ಮದುವೆ ಮುರಿದುಬಿದ್ದರೆ ಪಟ್ಟಿಯಲ್ಲಿದ್ದದ್ದೆಲ್ಲ ಅವಳ ಹಿಂದೆಯೇ ಹೋಗಬೇಕು.

ಮದುಮಗಳು ಸಭೆಗೆ ಬರುತ್ತಿರಲಿಲ್ಲ. ಅವಳ ಪರ ಒಬ್ಬ ವಕೀಲ, ಗಂಡಿನ ಪರ ಇನ್ನೊಬ್ಬ. ಪರದೆಯ ಆಚೆಯಿಂದ ಅವಳು ಹೂಂಗುಟ್ಟಿದರೆ ಮುಲ್ಲಾ ಒಡಂಬಡಿಕೆ ಓದುತ್ತಿದ್ದ. ಆ ಹೂಂಕಾರವಿಲ್ಲದೆ ನಿಕಾಹ್ ಸಿಂಧುವಲ್ಲ. ಅಪ್ಪನ ಒಪ್ಪಿಗೆಯೂ ಬೇಕೇ ಎಂಬ ಬಗ್ಗೆ ಶಿಯಾ ಪಂಡಿತರಲ್ಲಿ ಎರಡು ಮತವಿತ್ತು. ಬುದ್ಧಿ ಬಲಿತ, ವಯಸ್ಸಿಗೆ ಬಂದ ಹೆಣ್ಣು ತಾನೇ ಮದುವೆಯಾಗಬಹುದು ಎಂದವರೂ ಇದ್ದರು. ರಾಜಧಾನಿ ಇಸ್ಫಹಾನಿನ ಹೆಸರಾಂತ ವಿದ್ವಾಂಸ ಮುಹಮ್ಮದ್ ತಕಿ ಮಜ್ಲಿಸಿಯ ಮಗಳು ಆಮಿನಾ ಬೇಗಮ್‌ಳ ಮದುವೆಯ ಕಥೆಯನ್ನು ಜೀವನಚರಿತ್ರೆಕಾರರು ಸವಿದು ಹೇಳುತ್ತಾರೆ. ತಂದೆಗೆ ತನ್ನ ಕಡುಬಡವ ಶಿಷ್ಯ ಸಾಲಿಹ್ ಮಾಜಂದರಾನಿಯ ಮೇಲೆ ಮನಸ್ಸಾಯಿತು, ಮಗಳನ್ನು ಕೇಳಿದ. ಬಡತನ ಗಂಡಸಿಗೆ ಕುಂದಲ್ಲ ಎಂದು ಅವಳು ಒಪ್ಪಿದಳು. ಮದುವೆಯಾದ ಹೊಸದರಲ್ಲಿ ಮದುಮಗ ಯಾವುದೋ ಶಾಸ್ತ್ರಸಮಸ್ಯೆಯಲ್ಲಿ ಮುಳುಗಿ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಅವನು ಹೊರಗೆ ಹೋದಾಗ ಆಮಿನಾ ಅದೇ ಹಾಳೆಯ ಮೇಲೆ ಉತ್ತರ ಬರೆದಿಟ್ಟಳಂತೆ.

ಆಮಿನಾಳಂಥ ಮನೆತನ ಇಲ್ಲದವರಿಗೆ ಕರಾರು ಅಷ್ಟು ಸುಲಭದಲ್ಲಿ ಕೈಹಿಡಿಯುತ್ತಿರಲಿಲ್ಲ. ತಲಾಕ್ ಹೇಳುವ ಹಕ್ಕು ಗಂಡನದು. ಶಿಯಾ ಪದ್ಧತಿ ಅದಕ್ಕೆ ಇಬ್ಬರು ನ್ಯಾಯವಂತ ಸಾಕ್ಷಿಗಳನ್ನು ಕೇಳುತ್ತಿತ್ತು. ಒಂದೇ ಉಸಿರಿನಲ್ಲಿ ಮೂರು ಸಲ ಹೇಳಿ ಶಾಶ್ವತವಾಗಿ ಮುಗಿಸುವುದನ್ನು ಒಪ್ಪುತ್ತಿರಲಿಲ್ಲ. ಗಂಡನೇ ಬಿಟ್ಟರೆ ಬಾಕಿ ಮಹರ್ ಎಣಿಸಬೇಕು. ಹೆಂಡತಿ ತಾನಾಗಿ ಬಿಡುಗಡೆ ಕೇಳಿದರೆ ಮಹರನ್ನೋ, ಅದಕ್ಕಿಂತ ಹೆಚ್ಚು ಅಥವಾ ಕಡಿಮೆಯ ಮೊತ್ತವನ್ನೋ ಅವಳೇ ತೆರಬೇಕು. ಈ ಎರಡನೆಯ ದಾರಿಯ ಹೆಸರು ಖುಲ್. ಕೊಡಬೇಕಾದ ಹಣ ದೊಡ್ಡದಾಗಿದ್ದಾಗ ಕೆಲವು ಗಂಡಂದಿರು ತಲಾಕ್ ಹೇಳದೆ, ಹೆಂಡತಿಯೇ ಬೇಸತ್ತು ಹೊರಡುವಂತೆ ಮನೆಯನ್ನು ನರಕ ಮಾಡುತ್ತಿದ್ದರು. ಮಹರ್ ನಿನಗೇ ಇರಲಿ, ನನ್ನ ಜೀವ ಬಿಡುಗಡೆಯಾದರೆ ಸಾಕು ಎಂಬರ್ಥದ ಗಾದೆ ಪಾರ್ಸಿಯಲ್ಲಿ ಇಂದಿಗೂ ಜನರ ಬಾಯಲ್ಲಿದೆ.

ಅವಧಿ ಮದುವೆಯೂ ಇತ್ತು. ಮುತಾ ಅಥವಾ ಸೀಘೆ ಎನ್ನುವ ಈ ಕರಾರಿನಲ್ಲಿ ಎಷ್ಟು ದಿನ, ಎಷ್ಟು ಹಣ ಎಂಬೆರಡನ್ನು ಮೊದಲೇ ನಿಗದಿ ಮಾಡಬೇಕು. ಅವಧಿ ಮುಗಿದರೆ ತಲಾಕಿನ ಅಗತ್ಯವಿಲ್ಲ, ಇದ್ದತ್ತಿನ ಕಾಯುವಿಕೆ ಮಾತ್ರ. ಸುನ್ನಿಗಳು ನಿಷಿದ್ಧ ಎಂದದ್ದನ್ನು ಶಿಯಾ ಶಾಸ್ತ್ರ ಉಳಿಸಿಕೊಂಡಿತ್ತು. 1660 ಮತ್ತು 70ರ ದಶಕಗಳಲ್ಲಿ ಇಸ್ಫಹಾನಿನಲ್ಲಿ ಇದ್ದ ಫ್ರೆಂಚ್ ಆಭರಣ ವ್ಯಾಪಾರಿ ಜಾನ್ ಶಾರ್ದಾಂ ಇರಾನಿನ ಗಂಡಸಿನ ಮನೆಯಲ್ಲಿ ಮೂರು ಬಗೆಯ ಹೆಣ್ಣುಗಳನ್ನು ಗುರುತಿಸಿದ: ನಿಕಾಹಿನ ಹೆಂಡತಿ, ಅವಧಿಯ ಹೆಂಡತಿ, ಕೊಂಡು ತಂದ ದಾಸಿ. ಮೂವರ ಮಕ್ಕಳೂ ಅಪ್ಪನ ವಾರಸುದಾರರೇ ಎಂಬುದು ಯುರೋಪಿನವನಾದ ಅವನಿಗೆ ಅಚ್ಚರಿ. ಆದರೆ ಮೂವರು ತಾಯಂದಿರು ಸಮಾನರಲ್ಲ. ಕರಾರಿನಲ್ಲಿ ಬರೆಸದಿದ್ದರೆ ಅವಧಿಯ ಹೆಂಡತಿಗೆ ಗಂಡನ ಆಸ್ತಿಯಲ್ಲಿ ಏನೂ ಇಲ್ಲ. ದಾಸಿ ಒಡೆಯನ ಮಗುವನ್ನು ಹೆತ್ತಿದ್ದರೆ, ಅವನ ಸಾವಿನ ನಂತರ ಆ ಮಗುವಿನ ವಾರಸಿನ ಪಾಲಿನ ಲೆಕ್ಕದಲ್ಲಿ ಅವಳು ಸ್ವತಂತ್ರಳು.

ಇನ್ನೊಬ್ಬ ಯಾತ್ರಿಕನನ್ನು ಇಲ್ಲಿ ನೆನೆಯಬೇಕು, ಕನ್ನಡ ನಾಡಿನ ಇತಿಹಾಸ ಓದಿದವರಿಗೆ ಅವನು ಹೊಸಬನಲ್ಲ. ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಬಾಗ್ದಾದಿನ ಕ್ರೈಸ್ತ ಹೆಣ್ಣು ಸಿತ್ತಿ ಮಆನಿಯನ್ನು ಮದುವೆಯಾಗಿ 1617ರಲ್ಲಿ ಇಸ್ಫಹಾನಿಗೆ ಬಂದು ವರ್ಷಗಟ್ಟಲೆ ನೆಲೆಸಿದ. 1621ರ ಕೊನೆಯಲ್ಲಿ ಆಕೆ ಹೊರ್ಮುಜ್ ಬಳಿಯ ಮಿನಾಬಿನ ಹತ್ತಿರ ತೀರಿಕೊಂಡಳು. ಅವಳ ಶವಪೆಟ್ಟಿಗೆಯನ್ನು ಸಾಮಾನಿನ ನಡುವೆ ಅಡಗಿಸಿಕೊಂಡು ಅವನು ಭಾರತಕ್ಕೂ ಬಂದ. 1623ರಲ್ಲಿ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನ ಆಸ್ಥಾನ ನೋಡಿದ, ಮಂಗಳೂರಿನ ಕಡೆ ಉಳ್ಳಾಲದ ರಾಣಿಯನ್ನು ಭೇಟಿಯಾದ. ಬಂಗರಾಜನ ಜೊತೆಗಿನ ಮದುವೆಯನ್ನು ಆಕೆ ಮುರಿದದ್ದು, ಅವನು ಕೊಟ್ಟ ಒಡವೆಗಳನ್ನು ಹಿಂತಿರುಗಿಸಿದ್ದು ಎಲ್ಲವನ್ನೂ ಅವನು ಬರೆದಿಟ್ಟ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ತುಳುನಾಡಿನ ರಾಣಿಗೆ ಗಂಡನ ಒಡವೆ ವಾಪಸು ಕೊಟ್ಟರೆ ನೆಲೆ ತಪ್ಪುತ್ತಿರಲಿಲ್ಲ. ಇಸ್ಫಹಾನಿನ ಹೆಣ್ಣಿಗೆ ಬಿಟ್ಟುಕೊಡುವ ಮಹರ್ ಎಷ್ಟೋ ಸಲ ಇದ್ದಬದ್ದ ಆಸ್ತಿ.

ಸಫಾವಿ ನಾಡಿನ ವಾರಸಿನ ನಿಯಮ ಇನ್ನೊಂದು ಕಡೆ ಕ್ರೂರವಾಗಿ ಎರಗಿತು. ಮುಸ್ಲಿಮೇತರನ ವಾರಸುದಾರರಲ್ಲಿ ಒಬ್ಬ ಮುಸ್ಲಿಮನಿದ್ದರೆ ಆಸ್ತಿಯೆಲ್ಲ ಅವನಿಗೇ ಎಂಬುದು ಶಿಯಾ ನ್ಯಾಯದ ಒಂದು ಸೂತ್ರ. ಷಾ ಅಬ್ಬಾಸ್ 1604ರ ಯುದ್ಧಕಾಲದಲ್ಲಿ ಅರಸ್ ನದಿಯ ತೀರದಿಂದ ಎಬ್ಬಿಸಿ ತಂದ ಅರ್ಮೇನಿಯನ್ನರು ಇಸ್ಫಹಾನಿನ ಅಂಚಿನಲ್ಲಿ ನ್ಯೂ ಜುಲ್ಫಾ ಎಂಬ ಶ್ರೀಮಂತ ವರ್ತಕರ ಪೇಟೆ ಕಟ್ಟಿದ್ದರು. ಇಮಾಮ್ ಜಾಫರನ ಕಾನೂನು ಎಂದು ಹೆಸರಾದ ಈ ಸೂತ್ರ ಆ ಪೇಟೆಯ ಮೇಲೂ ಇರಾನಿನ ಯೆಹೂದಿ ಕೇರಿಗಳ ಮೇಲೂ ಕತ್ತಿಯಂತೆ ತೂಗಿತು. ಮತಾಂತರವಾದ ದೂರದ ನೆಂಟನೊಬ್ಬ ಬಂದು ಹಕ್ಕು ಸಾಧಿಸಿದರೆ ಸತ್ತವನ ಹೆಂಡತಿ ಮತ್ತು ಹೆಣ್ಣುಮಕ್ಕಳು ಬೀದಿಗೆ ಬೀಳಬೇಕು. ಒಂಟಿ ಮಗಳನ್ನು ಚಿಕ್ಕಪ್ಪನಿಂದ ಕಾಪಾಡಿದ ಶಾಸ್ತ್ರವೇ ಇಲ್ಲಿ ಇನ್ನೊಬ್ಬ ಮಗಳ ತುತ್ತು ಕಸಿಯಿತು.

ಇಷ್ಟೆಲ್ಲ ತೂತುಗಳಿದ್ದ ಹಕ್ಕನ್ನು ಭದ್ರ ಮಾಡಿಕೊಳ್ಳಲು ಉಳ್ಳವರ ಮನೆಯ ಹೆಂಗಸರು ಹಿಡಿದ ದಾರಿ ವಕ್ಫ್. ಆಸ್ತಿಯನ್ನು ದೇವರ ಹೆಸರಿಗೆ ಕಟ್ಟಿಬಿಟ್ಟರೆ ಅದನ್ನು ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ, ಗಂಡನಾಗಲಿ ಅಣ್ಣನಾಗಲಿ ಕೈಯಿಡುವಂತಿಲ್ಲ. ಮೇಲ್ವಿಚಾರಣೆ ಯಾರದು, ಆದಾಯ ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆದುಕೊಟ್ಟವಳೇ ನಿರ್ಧರಿಸುತ್ತಾಳೆ. ನೆರೆಯ ಆಟೊಮನ್ ಊರುಗಳಲ್ಲಿ ಖಾಜಿಗಳ ದಫ್ತರಗಳು ಸಾಲುಸಾಲಾಗಿ ಉಳಿದವು. ಇರಾನಿನಲ್ಲಿ ಹೆಣ್ಣುಮಕ್ಕಳ ಒಡೆತನದ ಗುರುತು ಹೆಚ್ಚಾಗಿ ಉಳಿದದ್ದು ವಕ್ಫ್ ಪತ್ರಗಳಲ್ಲಿ, ಶಾಸನಗಳಲ್ಲಿ.

ಇಸ್ಮಾಯಿಲನ ರಾಣಿ ತಾಜ್ಲು ಖಾನುಮ್ ತುರ್ಕಮನ್ ಮೌಸಿಲ್ಲು ಬಣದವಳು. ಕುಮ್ ನಗರದ ಫಾತಿಮಾ ಮಅಸೂಮಾ ದರ್ಗಾಕ್ಕೆ ಅವಳು ಮಾಡಿಸಿದ ಕೆಲಸದ ಶಾಸನ 1519ರದು. ಮುಂದೆ ಹೆತ್ತ ಮಗ ತಹ್ಮಾಸ್ಪನೇ ಅವಳ ಮೇಲೆ ಸಂಶಯಪಟ್ಟು 1540ರಲ್ಲಿ ಶಿರಾಜಿಗೆ ಗಡಿಪಾರು ಮಾಡಿದ. ಅಲ್ಲಿಯೇ ಅವಳ ಕೊನೆಯಾಯಿತು. ಅಧಿಕಾರ ಹೋಯಿತು, ಕುಮ್‌ನಲ್ಲಿ ಕೆತ್ತಿಸಿದ್ದ ಹೆಸರು ಉಳಿಯಿತು.

ಅವಳ ಮಗಳು ಮಹೀನ್ ಬಾನು (1519-1562) ಮದುವೆಯ ಕರಾರಿಗೇ ಸಿಗಲಿಲ್ಲ. ಅಣ್ಣ ತಹ್ಮಾಸ್ಪ್ ಅವಳನ್ನು ಯಾರಿಗೂ ಕೊಡಲಿಲ್ಲ. ಮರೆಯಾಗಿರುವ ಇಮಾಮ್ ಮೆಹದಿ ಮರಳಿ ಬಂದಾಗ ಅವನಿಗೆ ವಧುವಾಗಲಿ ಎಂದು ತಂಗಿಯೊಬ್ಬಳನ್ನು ಷಾ ಕಾಯ್ದಿಟ್ಟಿದ್ದಾನೆ, ಜೊತೆಗೊಂದು ಬಿಳಿ ಕುದುರೆಯನ್ನೂ ಸಿಂಗರಿಸಿ ಇಟ್ಟಿದ್ದಾನೆ ಎಂದು 1539-40ರಲ್ಲಿ ಆಸ್ಥಾನಕ್ಕೆ ಬಂದಿದ್ದ ವೆನಿಸಿನ ಮಿಕೆಲೆ ಮೆಂಬ್ರೆ ಬರೆದ. ಮದುವೆ ಇಲ್ಲ, ಗಂಡನಿಲ್ಲ, ಮಕ್ಕಳಿಲ್ಲ. ಸುಂದರವಾದ ಕೈಬರಹ ಕಲಿತಳು, ಅಣ್ಣನ ಆಲೋಚನೆಯಲ್ಲಿ ಪಾಲು ಪಡೆದಳು, ಆಟೊಮನ್ ಸುಲ್ತಾನನ ರಾಣಿ ಹುರ್ರೆಮ್ ಜೊತೆ ಪತ್ರ ಬರೆದುಕೊಂಡಳು. ಶಿರ್ವಾನ್, ತಬ್ರೀಜ್, ಕಜ್ವೀನ್, ರೇ, ಇಸ್ಫಹಾನ್ ಕಡೆಗಳಲ್ಲಿದ್ದ ಆಸ್ತಿಯನ್ನು ಪ್ರವಾದಿ, ಫಾತಿಮಾ ಮತ್ತು ಹನ್ನೆರಡು ಇಮಾಮರ ಹೆಸರಿಗೆ ವಕ್ಫ್ ಮಾಡಿದಳು. ಒಡವೆ ಮತ್ತು ಚೀನೀ ಪಿಂಗಾಣಿ ಮಶ್ಹದ್ ದರ್ಗಾಕ್ಕೆ ಹೋದವು.

ದಿಲಾರಾಮ್ ಖಾನುಮ್‌ಳದು ಇದಕ್ಕೆ ತದ್ವಿರುದ್ಧವಾದ ಏರುದಾರಿ. ಜಾರ್ಜಿಯಾದಿಂದ ದಾಸಿಯಾಗಿ ಬಂದವಳು, ಷಾ ಅಬ್ಬಾಸನ ಹಿರಿಯ ಮಗ ಸಫಿ ಮಿರ್ಜಾನ ಅಂತಃಪುರ ಸೇರಿದಳು. 1615ರಲ್ಲಿ ಅಬ್ಬಾಸ್ ಸಂಶಯಕ್ಕೆ ಬಿದ್ದು ಆ ಮಗನನ್ನೇ ಕೊಲ್ಲಿಸಿದ. ದಿಲಾರಾಮ್ ಹೆತ್ತ ಕೂಸು ಬೆಳೆದು 1629ರಲ್ಲಿ ಷಾ ಸಫಿಯಾದ. ಮೊಮ್ಮಗ 1642ರಲ್ಲಿ ಎರಡನೇ ಷಾ ಅಬ್ಬಾಸನಾದ. ಮೊಮ್ಮಗನ ಕಾಲದಲ್ಲಿ, 1640ರ ದಶಕದಲ್ಲಿ, ಇಸ್ಫಹಾನಿನ ಬಜಾರಿನಲ್ಲಿ ರಾಜನ ಅಜ್ಜಿಯರ ಹೆಸರಿನ ಎರಡು ಮದ್ರಸಾಗಳು ಎದ್ದವು, ಅವುಗಳಲ್ಲೊಂದು ದಿಲಾರಾಮಳದು. ಎರಡೂ ಇಂದಿಗೂ ನಿಂತಿವೆ. ಹಣ ಕೊಟ್ಟು ಕೊಂಡಿದ್ದ ಹೆಣ್ಣು ವಿದ್ಯಾರ್ಥಿಗಳ ಊಟ ವಸತಿಗೆ ಆಸ್ತಿ ಬರೆದುಕೊಡುವ ಒಡತಿಯಾದಳು.

ರಾಜಮನೆತನದ ಹೊರಗಿನ ಹೆಸರುಗಳೂ ಸಿಗುತ್ತವೆ. ಕುಮ್‌ನ ವರ್ತಕನೊಬ್ಬನ ಮಗಳು ಇಜ್ಜತ್ ಅಲ್‌-ನಿಸಾ ಖಾನುಮ್ 1680ರ ದಶಕದಲ್ಲಿ ಇಸ್ಫಹಾನಿನಲ್ಲಿ ಮದ್ರಸಾ ಕಟ್ಟಿಸಿದಳು. ಹಕೀಮ್ ಅಲ್‌-ಮುಲ್ಕ್ ಅರ್ದಿಸ್ತಾನಿ ಎಂಬ ವೈದ್ಯ ಔರಂಗಜೇಬನ ಆಸ್ಥಾನಕ್ಕೆ ಬಂದು ಸಂಪಾದಿಸಿದವನು. ಅವನ ಹೆಂಡತಿ ಜೈನಬ್ ಬೇಗಮ್ 1700ರ ದಶಕದ ಆರಂಭದಲ್ಲಿ ಕಟ್ಟಿಸಿದ ನೀಮ್ ಆವರ್ದ್ ಮದ್ರಸಾ ಬಜಾರಿನ ನಡುವೆ ಇದೆ. 1703ರ ಸುಮಾರಿಗೆ ರಾಜಮನೆತನದ ಮರಿಯಂ ಬೇಗಮ್ ತನ್ನ ಮದ್ರಸಾದ ವಕ್ಫ್ ಪತ್ರದಲ್ಲಿ ತತ್ತ್ವಶಾಸ್ತ್ರ, ಸೂಫಿ ಮತಗಳ ಪಾಠ ಕೂಡದು ಎಂದು ಕಟ್ಟುಮಾಡಿದಳು. ಆ ಷರತ್ತನ್ನು ಒಪ್ಪುವುದು ಬಿಡುವುದು ಬೇರೆ. ಗಂಡಸರು ಏನು ಓದಬೇಕೆಂದು ಒಬ್ಬ ಹೆಣ್ಣು ತನ್ನ ಆಸ್ತಿಯ ಬಲದಿಂದ ವಿಧಿಸಿದ್ದು ನಿಜ.

ದೇವರ ಹೆಸರಿನ ಈ ಬೀಗವನ್ನೂ ಮುರಿಯುವ ಕೈ ಬಂತು. 1722ರಲ್ಲಿ ಆಫ್ಘನ್ ಮಹಮೂದನ ದಂಡು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಊರಿಗೆ ಊರೇ ಹಸಿದು ಸಾಯುವಂತೆ ಮಾಡಿ ಇಸ್ಫಹಾನನ್ನು ಹಿಡಿಯಿತು. 1736ರಲ್ಲಿ ಪಟ್ಟವೇರಿದ ನಾದಿರ್ ಷಾ ತನ್ನ ಸೈನ್ಯದ ಖರ್ಚಿಗಾಗಿ ವಕ್ಫ್ ಭೂಮಿಗಳನ್ನು ಪಟ್ಟಿ ಮಾಡಿಸಿ ಸರ್ಕಾರಕ್ಕೆ ಸೇರಿಸಿಕೊಳ್ಳತೊಡಗಿದ. ಶತಮಾನಗಳ ದಾನಪತ್ರಗಳು ಒಂದು ಹುಕುಮಿಗೆ ಬೆಲೆ ಕಳೆದುಕೊಂಡವು. ಅವನು 1747ರಲ್ಲಿ ಕೊಲೆಯಾದ ಮೇಲೆ ಉತ್ತರಾಧಿಕಾರಿ ಆದಿಲ್ ಷಾ ಆ ಹುಕುಮನ್ನು ಹಿಂತೆಗೆದರೂ, ಕೈಬದಲಾದ ಹೊಲಗಳೆಲ್ಲ ಮರಳಿ ಬರಲಿಲ್ಲ.

ಶಾಸ್ತ್ರದ ಲೆಕ್ಕ ಮಾತ್ರ ರಾಜವಂಶಗಳನ್ನು ದಾಟಿ ಬಂತು. ರೆಜಾ ಷಾ ಪಹ್ಲವಿಯ ಕಾಲದಲ್ಲಿ, 1928ರಿಂದ ಮುಂದಕ್ಕೆ, ಇರಾನಿನ ಸಿವಿಲ್ ಸಂಹಿತೆ ರೂಪುಗೊಂಡಾಗ ಮಹರ್, ಖುಲ್, ಅವಧಿ ಮದುವೆಗಳೆಲ್ಲ ಹೊಸ ಕಾಯ್ದೆಯ ಕಲಮುಗಳಾದವು. ವಿಧವೆಗೆ ಗಂಡನ ನೆಲದಲ್ಲಿ ಪಾಲಿಲ್ಲ, ಕಟ್ಟಡ ಮತ್ತು ಮರಗಳ ಬೆಲೆಯಲ್ಲಿ ಮಾತ್ರ ಎಂಬ ನಿಯಮ 946ನೇ ಕಲಮಿನಲ್ಲಿ ನೆಲೆಯಾಯಿತು. ಅದಕ್ಕೆ ತಿದ್ದುಪಡಿ ಬಂದದ್ದು 2009ರಲ್ಲಿ. ಈಗ ಮಕ್ಕಳಿರುವ ವಿಧವೆಗೆ ನೆಲದ ಬೆಲೆಯಲ್ಲೂ ಎಂಟನೇ ಒಂದು ಪಾಲು ಸಲ್ಲುತ್ತದೆ. ಉಳಿದ ವಾರಸುದಾರರು ಹಣ ಕೊಡಲು ಒಪ್ಪದಿದ್ದರೆ ಅವಳು ಆ ಆಸ್ತಿಯಿಂದಲೇ ತನ್ನ ಪಾಲನ್ನು ವಸೂಲು ಮಾಡಿಕೊಳ್ಳಬಹುದು. ಮಗಳ ಪಾಲು ಇಂದಿಗೂ ಮಗನ ಪಾಲಿನ ಅರ್ಧ.